‘ಸಾರಿ, ಐ ವಿಲ್ ಗೋ ಟು ಮೈಸೂರ್’ ಅಂದರೆ ಏನು ಕೇಳಿಸುತ್ತೆ?

ಆಫೀಸಿನಲ್ಲಿ ಜೊತೆಯವರೊಬ್ಬರು ಶನಿವಾರ ಮನೆಗೆ ಊಟಕ್ಕೆ ಕರೆದರು ಅಂದುಕೊಳ್ಳಿ. ನಿಮಗೆ ಆವತ್ತು ಮೈಸೂರಿನಲ್ಲಿ ನೆಂಟರ ಮದುವೆ. ಟಿಕೆಟ್ ಕೂಡ ಬುಕ್ ಆಗಿದೆ. ‘ಸಾರಿ, ಐ ವಿಲ್ ಗೋ ಟು ಮೈಸೂರ್ ಆನ್ ಸಾಟರ್ಡೇ’ ಅನ್ನುತ್ತೀರಿ.

ನಮ್ಮ ನಮ್ಮಲ್ಲಿ ಇದು ನಡೆಯುತ್ತೆ. ಆದರೆ ಎದುರಿಗಿರುವವರು ಲಂಡನ್ನಿನವರೋ ಚಿಕಾಗೋದವರೋ ಆಗಿದ್ದರೆ ಅವರ ಕಿವಿಗೆ ಬೇರೆ ಥರ ಬೀಳಬಹುದು. ಊಟಕ್ಕೆ ಕರೆದಿದ್ದು ಕೇಳಿದ ಮೇಲೆ, ನಿಂತ ನಿಲುವಿನಲ್ಲೇ ಮೈಸೂರಿಗೆ ಹೋಗೋಣ ಅಂತ ನೀವು ತೀರ್ಮಾನ ಮಾಡಿದ ಹಾಗೆ! ಅಂದರೆ ತಪ್ಪಿಸಿಕೊಳ್ಳೋಕೆ ಒಂದು ನೆಪ. ‘ಐ ಆಮ್ ಗೋಯಿಂಗ್ ಟು ಮೈಸೂರ್ ಆನ್ ಸಾಟರ್ಡೇ’ ಅಂದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಇದು ಮೊದಲೇ ಗೊತ್ತಾಗಿದ್ದ ಕಾರ್ಯಕ್ರಮ, ಬೇಜಾರು ಮಾಡಿಕೊಳ್ಳಬೇಡಿ ಅನ್ನೋದು ಆ ಮಾತಿನಲ್ಲೇ ಬಂತು.

ಕೆಲಸಕ್ಕೆ ಸೇರಿದ ಹೊಸಬರಿಗೆ ಇಂಗ್ಲಿಷ್ ಮಾತು ಕಲಿಸುವ ನನಗೆ ದಿನಾ ಎದುರಾಗುವ ಸಮಸ್ಯೆ ಇದು. ಶಾಲೆಯಲ್ಲಿ ಭೂತ, ವರ್ತಮಾನ, ಭವಿಷ್ಯತ್ ಅಂತ ಮೂರು ಕೋಷ್ಟಕ ಬರೆಸಿ, ಭವಿಷ್ಯತ್ತಿನ ಕೆಳಗೆ ಶಲ್, ವಿಲ್ ಎರಡನ್ನೇ ಕೊಟ್ಟು ಕಳಿಸಿರುತ್ತಾರೆ. ನಾಳೆಯ ವಿಷಯ ಯಾವುದೇ ಇರಲಿ, ‘ವಿಲ್’ ಹಾಕಿದರೆ ಆಯಿತು ಅನ್ನುವ ನಂಬಿಕೆ ಅಲ್ಲಿಂದಲೇ ಬಂದಿದ್ದು. ನಿಜ ಹೇಳಬೇಕೆಂದರೆ ಇಂಗ್ಲಿಷಿನಲ್ಲಿ ಭವಿಷ್ಯತ್ ಕಾಲಕ್ಕೆ ಅಂತಲೇ ಕ್ರಿಯಾಪದದ ಬೇರೆ ರೂಪ ಇಲ್ಲ. ‘ಗೋ’ಗೆ ‘ವೆಂಟ್’ ಇದೆ, ನಾಳೆಗೆ ಅಂತ ಒಂದು ಇಲ್ಲ. ಅದಕ್ಕೇ ಅದು ಐದಾರು ಕಡೆಯಿಂದ ಸಾಲ ತರುತ್ತೆ. ಹಾಗಾಗಿ ‘ಯಾವಾಗ ನಡೆಯುತ್ತೆ’ ಅಂತ ಕೇಳಿಕೊಂಡರೆ ಸಾಲದು. ‘ಯಾವಾಗ ತೀರ್ಮಾನ ಆಯಿತು’ ಅಂತ ಕೇಳಿಕೊಳ್ಳಿ.

ಈಗ, ಮಾತಾಡುತ್ತಿರುವಾಗಲೇ, ತೀರ್ಮಾನ ಮಾಡಿದರೆ ‘ವಿಲ್’. ಫೋನ್ ಹೊಡೆದುಕೊಳ್ಳುತ್ತಿದೆ, ‘ಇರು, ನಾನು ತೆಗೀತೀನಿ’ ಅನ್ನುತ್ತೀವಲ್ಲ, ಅದು ‘ಐ’ಲ್ ಗೆಟ್ ಇಟ್’. ಮಾತು ಕೊಡುವಾಗಲೂ ಇದೇ. ಮೊದಲೇ ಮನಸ್ಸು ಮಾಡಿಯಾಗಿದೆ, ಆದರೆ ಏರ್ಪಾಡು ಇನ್ನೂ ಆಗಿಲ್ಲ ಅಂದರೆ ‘ಗೋಯಿಂಗ್ ಟು’: ‘ಐ ಆಮ್ ಗೋಯಿಂಗ್ ಟು ಬೈ ಎ ಸ್ಕೂಟರ್’. ಇನ್ನೊಬ್ಬರ ಹತ್ತಿರ ಮಾತಾಗಿ, ದಿನ ಗೊತ್ತಾಗಿ, ದುಡ್ಡು ಕಟ್ಟಿ ಆಗಿದ್ದರೆ ‘ಐ ಆಮ್ ಮೀಟಿಂಗ್ ಹರ್ ಟುಮಾರೊ’ ಥರದ ರೂಪ. ಗಡಿಗಳು ಇಷ್ಟು ಖಡಾಖಂಡಿತ ಅಲ್ಲ. ಕೊನೆಯ ಎರಡರಲ್ಲಿ ಯಾವುದನ್ನು ಹೇಳಿದರೂ ನಡೆಯುವ ಸಂದರ್ಭ ಜಾಸ್ತಿಯೇ ಇದೆ. ಆದರೆ ಮೊದಲನೆಯದನ್ನು ಆ ಎರಡರ ಜಾಗಕ್ಕೆ ತಂದರೆ ಎಡವಟ್ಟು. ರೈಲು, ಸಿನಿಮಾ, ಪರೀಕ್ಷೆಗೆ ವೇಳಾಪಟ್ಟಿ ಇರುವುದರಿಂದ ‘ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್’ ಸಾಕು.

ಕನ್ನಡದವರಿಗೆ ಇದು ಹೊಸ ವಿಷಯವೇನೂ ಅಲ್ಲ. ವ್ಯಾಕರಣ ಪುಸ್ತಕದಲ್ಲಿ ‘ಹೋಗುವೆನು’ ಅಂತ ಇದೆ ನಿಜ, ಆದರೆ ಮನೆಯಲ್ಲಿ ಹಾಗೆ ಯಾರು ಮಾತಾಡುತ್ತಾರೆ? ‘ನಾಳೆ ಹೋಗ್ತೀನಿ’ ಅನ್ನುತ್ತೀವಿ. ಮನಸ್ಸಿನಲ್ಲಿದ್ದರೆ ‘ಹೋಗೋಣ ಅಂತಿದ್ದೀನಿ’. ಪೇಪರಿನಲ್ಲಿ ‘ಮುಖ್ಯಮಂತ್ರಿಗಳು ನಾಳೆ ಉದ್ಘಾಟಿಸಲಿದ್ದಾರೆ’. ಇಂಗ್ಲಿಷ್ ಪೇಪರಿನ ‘ಈಸ್ ಟು ಇನಾಗುರೇಟ್’ ಮಾಡುವ ಕೆಲಸವೂ ಇದೇ. ಬೇರೆ ಬೇರೆ ಮಾತಿಗೆ ಬೇರೆ ಬೇರೆ ರೂಪ ಬಳಸುವ ಅಭ್ಯಾಸ ನಮಗೆ ಚೆನ್ನಾಗಿಯೇ ಇದೆ. ಇಂಗ್ಲಿಷಿಗೆ ಬಂದ ಕೂಡಲೇ ಎಲ್ಲ ಬಿಟ್ಟು ಒಂದೇ ಪದಕ್ಕೆ ಜೋತುಬೀಳುತ್ತೀವಿ ಅಷ್ಟೇ.

ಇದರ ಇನ್ನೊಂದು ಮುಖ ನೋಡಿ. ‘ವೆನ್ ಐ ವಿಲ್ ರೀಚ್ ಹೋಮ್, ಐ ವಿಲ್ ಕಾಲ್ ಯು’, ‘ಇಫ್ ಇಟ್ ವಿಲ್ ರೇನ್...’. ಈ ತಪ್ಪಿಗೆ ಜನ ಕನ್ನಡವನ್ನು ಬೈಯುತ್ತಾರೆ. ಪಾಪ, ಕನ್ನಡದ ತಪ್ಪೇನೂ ಇಲ್ಲ. ‘ಮನೆ ತಲುಪಿದ ಮೇಲೆ’, ‘ಮಳೆ ಬಂದ್ರೆ’ ಅನ್ನುವಾಗ ನಾವೂ ಅಲ್ಲಿ ಭವಿಷ್ಯತ್ ಹಾಕಲ್ಲ. ನಾಳೆಯ ವಿಷಯಕ್ಕೆ ವಿಲ್ ಬರಲೇಬೇಕು ಅನ್ನುವ ಪಾಠದ ಭಯ ಇದನ್ನು ಮಾಡಿಸುತ್ತೆ ಅಂತ ನನ್ನ ಅನುಮಾನ. ‘ವೆನ್ ಐ ರೀಚ್’, ‘ಇಫ್ ಇಟ್ ರೇನ್ಸ್’ ಸಾಕು.

ಇನ್ನು ‘ಶಲ್’. ‘ಐ’, ‘ವಿ’ ಜೊತೆ ಶಲ್, ಉಳಿದವರ ಜೊತೆ ವಿಲ್ ಅಂತ ನಮ್ಮಲ್ಲಿ ಅನೇಕರು ಬಾಯಿಪಾಠ ಮಾಡಿದ್ದೇವೆ. ಈ ನಿಯಮವನ್ನು ಬರೆದಿಟ್ಟ ಮೊದಲಿಗರಲ್ಲಿ ಒಬ್ಬರು ಜಾನ್ ವಾಲಿಸ್, 1653ರಲ್ಲಿ, ಅದೂ ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ. ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು. ಗಣಿತದಲ್ಲಿ ಅನಂತಕ್ಕೆ ಹಾಕುವ, ಮಲಗಿಸಿದ ಎಂಟರಂಥ ಗುರುತನ್ನು ತಂದವರೂ ಅವರೇ. ಆ ಗುರುತು ಇವತ್ತಿಗೂ ಬೇಕು, ಈ ನಿಯಮವನ್ನು ಧಾರಾಳವಾಗಿ ಮರೆಯಬಹುದು. ದಿನದ ಮಾತಿನಲ್ಲಿ ಶಲ್ ಉಳಿದಿರುವುದು ಹೆಚ್ಚಾಗಿ ಪ್ರಶ್ನೆಯಲ್ಲಿ. ‘ಶಲ್ ಐ ಕ್ಲೋಸ್ ದ ಡೋರ್?’ ಅಂದರೆ ನಮ್ಮ ‘ಬಾಗಿಲು ಹಾಕ್ಲಾ?’. ಕರಾರು ಪತ್ರಗಳಲ್ಲಿ ಅದರ ದರ್ಬಾರು ಬೇರೆ, ಅದು ವಕೀಲರಿಗೆ ಬಿಟ್ಟಿದ್ದು.

ಇಂಟರ್ವ್ಯೂನಲ್ಲಿ ಒಂದು ಹೊಸ ರೋಗ ಕಾಣುತ್ತಿದೆ. ‘ವೆನ್ ಕ್ಯಾನ್ ಯು ಜಾಯಿನ್?’ ಅಂದರೆ ‘ಐ ವುಡ್ ಜಾಯಿನ್ ಆನ್ ದ ಫಸ್ಟ್’ ಅನ್ನುವುದು. ‘ವುಡ್’ ಅಂದರೆ ಮರ್ಯಾದೆ ಜಾಸ್ತಿ ಅಂತ ಯಾರೋ ತಲೆಗೆ ತುಂಬಿದ್ದಾರೆ. ಕೇಳುವವರಿಗೆ ಮಾತ್ರ ‘ಸೇರ್ತಿದ್ದೆ, ಆದ್ರೆ...’ ಅಂದ ಹಾಗಿರುತ್ತೆ. ಆ ‘ಆದ್ರೆ’ ಏನು ಅಂತ ಅವರು ಕಾಯುತ್ತಾ ಕೂರುತ್ತಾರೆ. ‘ಐ ಕ್ಯಾನ್ ಜಾಯಿನ್ ಆನ್ ದ ಫಸ್ಟ್’ ಅನ್ನಿ, ಮುಗೀತು. ಇನ್ನೂ ಖಾತ್ರಿ ಇಲ್ಲದಿದ್ದರೆ ‘ಐ ಆಮ್ ಹೋಪಿಂಗ್ ಟು ಜಾಯಿನ್ ಬೈ ದ ಫಿಫ್ಟೀಂತ್’. ಖಾತ್ರಿ ಇಲ್ಲ ಅಂತ ನೇರವಾಗಿ ಹೇಳುವುದರಲ್ಲಿ ಅವಮಾನ ಏನಿದೆ?

ಮರ್ಯಾದೆಯೇ ಬೇಕಾದರೆ ಅದಕ್ಕೆ ಬೇರೆ ದಾರಿ ಇದೆ. ಮೇಲಿನವರನ್ನು ‘ವಿಲ್ ಯು ಕಮ್ ಟು ದ ಮೀಟಿಂಗ್?’ ಅಂತ ಕೇಳಿದರೆ ‘ಬರ್ತೀರೋ ಇಲ್ವೋ’ ಅಂತ ಒತ್ತಾಯ ಮಾಡಿದ ಹಾಗೆ ಕೇಳಿಸಬಹುದು. ‘ವಿಲ್ ಯು ಬಿ ಕಮಿಂಗ್ ಟು ದ ಮೀಟಿಂಗ್?’ ಅಂದರೆ ಅವರ ಕಾರ್ಯಕ್ರಮ ಏನಿದೆ ಅಂತ ವಿಚಾರಿಸಿದ ಹಾಗೆ ಮಾತ್ರ. ಬನ್ನಿ ಅಂತ ಕೇಳಿಕೊಂಡಿದ್ದಲ್ಲ, ಹಾಗಾಗಿ ‘ಇಲ್ಲ’ ಅನ್ನೋಕೂ ಅವರಿಗೆ ಮುಜುಗರ ಇಲ್ಲ.