ಸ್ವಿಚ್ ಒತ್ತಿದರೆ ಪರದೆ ಒಂದೇ ಏಟಿಗೆ ಬೀಳಬೇಕು, ಹೇಗೆ?

ಪ್ರಶ್ನೆ: ನಮ್ಮೂರ ಜಾತ್ರೆಗೆ ಈ ವರ್ಷವೂ ಕುರುಕ್ಷೇತ್ರ ನಾಟಕ ಆಡುತ್ತಿದ್ದೇವೆ. ಸಂಧಾನದ ಸೀನಿನಲ್ಲಿ ಕೃಷ್ಣನ ಹಿಂದಿನ ಪರದೆ ಥಟ್ಟನೆ ಬಿದ್ದು, ಅದರ ಹಿಂದೆ ವಿಶ್ವರೂಪದ ಸೀನರಿ ಕಾಣಬೇಕು. ಹೋದ ವರ್ಷ ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಸ್ವಿಚ್ಚಿನಿಂದ ಬೀಳುವ ಹಾಗೆ ಮಾಡಿಕೊಟ್ಟಿದ್ದ. ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿತು. ಸ್ಟೇಜಿನ ಮೇಲೆ ಅರ್ಧ ಬಿದ್ದು ಅರ್ಧ ನೇತಾಡಿತು. ಯಾಕೆ ಹೀಗಾಯಿತು? ಸರಿ ಮಾಡಬಹುದಾ?
(ಅರಕಲಗೂಡು ಕಡೆಯ ಓದುಗರು)

ಉತ್ತರ: ಖಂಡಿತ ಸರಿ ಮಾಡಬಹುದು. ಆ ಹುಡುಗನನ್ನು ಬೈಯಬೇಡಿ. ಇದೇ ಪ್ರಶ್ನೆಯನ್ನು ಹಾಸನ ಸುತ್ತಮುತ್ತಲ ನಾಟಕದವರು, ಶಾಲೆಯ ಮೇಷ್ಟ್ರುಗಳು ಎಷ್ಟೋ ಸಲ ನನ್ನ ಹತ್ತಿರ ಕೇಳಿದ್ದಾರೆ. ಹೆಚ್ಚಿನ ಕಡೆ ತಪ್ಪು ಸಿಕ್ಕಿದ್ದು ವೈರಿನಲ್ಲಿ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಸ್ವಿಚ್ ಒತ್ತಿದಾಗ ಏನಾಗುತ್ತದೆ ಅಂತ ನೋಡೋಣ.

ಪರದೆ ಹೀಗೆ ಬೀಳಿಸುವುದನ್ನು ಸ್ಟೇಜ್ ಕೆಲಸದವರು 'ಕಬುಕಿ ಡ್ರಾಪ್' ಅನ್ನುತ್ತಾರೆ. ಹೆಸರು ಬಂದದ್ದು ಜಪಾನಿನ ಕಬುಕಿ ನಾಟಕದಿಂದ. ಅಲ್ಲಿ 'ಅಸಾಗಿಮಾಕು' ಅಂತ ಒಂದು ತಿಳಿನೀಲಿ ಪರದೆ ಇರುತ್ತದೆ. ಗೂಟಗಳಿರುವ ಬಿದಿರಿನ ಗಳಕ್ಕೆ ಅದನ್ನು ಸಿಕ್ಕಿಸಿರುತ್ತಾರೆ. ಹಗ್ಗ ಎಳೆದರೆ ಗಳ ತಿರುಗುತ್ತದೆ, ಗೂಟದಿಂದ ಪರದೆ ಜಾರಿ ಬೀಳುತ್ತದೆ, ಹಿಂದಿನ ಸೀನು ಒಂದೇ ಸಲಕ್ಕೆ ಕಣ್ಣಿಗೆ ಹೊಡೆಯುತ್ತದೆ. ಕರೆಂಟಿನ ಮಾತೇ ಇಲ್ಲ. ಈಗ ನಾವು ಮಾಡುವುದೂ ಅದನ್ನೇ. ಹಗ್ಗ ಎಳೆಯುವ ಕೈಯ ಜಾಗದಲ್ಲಿ ಸೊಲೆನಾಯ್ಡ್ ಕೂರಿಸುತ್ತೇವೆ, ಅಷ್ಟೆ.

ಸೊಲೆನಾಯ್ಡ್ ಅಂದರೆ ಹೆಬ್ಬೆರಳು ಗಾತ್ರದ ಒಂದು ತಾಮ್ರದ ಸುರುಳಿ. ಒಳಗೆ ಹಿಂದೆ ಮುಂದೆ ಓಡಾಡುವ ಕಬ್ಬಿಣದ ಕಡ್ಡಿ, ಅದನ್ನು ಹೊರಗೆ ತಳ್ಳಿ ಹಿಡಿದಿರುವ ಒಂದು ಸ್ಪ್ರಿಂಗು. ಸುರುಳಿಗೆ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಕಡ್ಡಿಯನ್ನು 'ಟಕ್' ಅಂತ ಒಳಗೆ ಎಳೆದುಕೊಳ್ಳುತ್ತದೆ. ಕಡ್ಡಿಯ ತುದಿಗೆ ಒಂದು ಪಿನ್ನು ಜೋಡಿಸಿರುತ್ತದೆ. ಯು ಆಕಾರದ ಕ್ಲಾಂಪಿನ ಎರಡು ತೂತಿನ ನಡುವೆ ಆ ಪಿನ್ನು ಅಡ್ಡ ನಿಂತಿರುತ್ತದೆ, ಪರದೆಯ ರಿಂಗು ಅದಕ್ಕೆ ನೇತು ಬಿದ್ದಿರುತ್ತದೆ. ಪಿನ್ನು ಒಳಗೆ ಹೋದರೆ ರಿಂಗು ಕೆಳಗೆ. ಮೇಲಿನ ಪೈಪಿಗೆ ಇಂಥವನ್ನು ಮೂರು ಮೂರೂವರೆ ಅಡಿಗೊಂದರಂತೆ ಕಟ್ಟುತ್ತಾರೆ. 24 ಅಡಿ ಅಗಲದ ಪರದೆಗೆ ಎಂಟು ಅಂತ ಇಟ್ಟುಕೊಳ್ಳಿ.

ಈಗ ನಿಮ್ಮ 'ಯಾಕೆ'ಗೆ ಬರೋಣ. ಮನೆಯಲ್ಲಿ ನೋಡುವಾಗ ಬ್ಯಾಟರಿ ಪಕ್ಕದಲ್ಲೇ ಇತ್ತು, ವೈರು ಎರಡು ಮಾರು, ಒಂದೊಂದೇ ಸೊಲೆನಾಯ್ಡ್ ಒತ್ತಿ ನೋಡಿರುತ್ತೀರಿ. ಸ್ಟೇಜಿನಲ್ಲಿ ಬ್ಯಾಟರಿ ಸೌಂಡಿನವರ ಟೇಬಲ್ ಹತ್ತಿರ, ಅಲ್ಲಿಂದ ಪೈಪಿನ ತನಕ 20 ಮೀಟರ್ ವೈರು, ಎಂಟೂ ಒಟ್ಟಿಗೆ ಒತ್ತಿದ್ದೀರಿ. ಲೆಕ್ಕ ಹಾಕಿ ನೋಡಿ. 12 ವೋಲ್ಟಿನ, 2 ಆಂಪಿಯರ್ ಎಳೆಯುವ ಸೊಲೆನಾಯ್ಡ್ ಎಂಟು ಸೇರಿದರೆ 16 ಆಂಪಿಯರ್. ಮನೆ ವೈರಿಂಗಿನ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು ಹೋಗಿ ಬರುವಾಗ 40 ಮೀಟರ್ ಆಗುತ್ತದೆ, ಅದರ ತಡೆ ಹೆಚ್ಚುಕಡಿಮೆ ಅರ್ಧ ಓಮ್. ಎಂಟು ಸುರುಳಿ ಪ್ಯಾರಲಲ್ ಆಗಿ ಸೇರಿದಾಗ ಅವುಗಳ ತಡೆಯೇ ಮುಕ್ಕಾಲು ಓಮ್. ಅಂದರೆ ಬ್ಯಾಟರಿಯ 12 ವೋಲ್ಟಿನಲ್ಲಿ ಐದರ ಹತ್ತಿರ ವೈರೇ ತಿಂದುಬಿಡುತ್ತದೆ. ಸೊಲೆನಾಯ್ಡಿಗೆ ತಲುಪುವುದು ಏಳು ಚಿಲ್ಲರೆ.

ಏಳಾದರೂ ಬಂತಲ್ಲ, ಸ್ವಲ್ಪ ನಿಧಾನಕ್ಕಾದರೂ ಎಳೆಯಬೇಕಲ್ವಾ ಅಂತ ಅನ್ನಿಸಬಹುದು. ಇಲ್ಲೇ ಏಟು ಬೀಳುವುದು. ಸೊಲೆನಾಯ್ಡಿನ ಕರೆಂಟ್ ಅರ್ಧಕ್ಕೆ ಇಳಿದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಪೂರ್ತಿ ಬಲದ ಶೇಕಡಾ 40ರಷ್ಟೂ ಉಳಿಯುವುದಿಲ್ಲ. ಜೊತೆಗೆ ಒಂದರಿಂದ ಒಂದಕ್ಕೆ ವೈರು ಎಳೆದುಕೊಂಡು ಹೋಗಿದ್ದರೆ, ಮೊದಲ ಸೊಲೆನಾಯ್ಡಿಗೆ ಸಿಕ್ಕಷ್ಟು ಕೊನೆಯದಕ್ಕೆ ಸಿಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. ಹತ್ತಿರದ ನಾಲ್ಕು ಪಿನ್ನು ಬಿಟ್ಟವು ಅಂದುಕೊಳ್ಳಿ. ಬಿದ್ದ ಅರ್ಧದ ಭಾರವೂ ಈಗ ಉಳಿದ ಪಿನ್ನುಗಳ ಮೇಲೆ ಜಗ್ಗುತ್ತದೆ, ಅದೂ ಓರೆಯಾಗಿ. ಪಿನ್ನಿನ ಮೇಲೆ ಭಾರ ಹೆಚ್ಚಿದಷ್ಟೂ ತಿಕ್ಕಾಟ ಹೆಚ್ಚು. ಮೊದಲೇ ಬಲ ಸಾಲದೆ ನಿಂತಿದ್ದ ಪಿನ್ನು ಈಗ ಇನ್ನೂ ಬಿಗಿಯುತ್ತದೆ. ಅದಕ್ಕೇ ನೀವು ಆಮೇಲೆ ಎಷ್ಟು ಸಲ ಸ್ವಿಚ್ ಒತ್ತಿದರೂ ಅದು ಜಗ್ಗಲಿಲ್ಲ. ಮೊದಲ ಏಟಿಗೆ ಎಂಟೂ ಒಟ್ಟಿಗೆ ಬಿಟ್ಟರೆ ಬಿಟ್ಟ ಹಾಗೆ. ಎರಡನೇ ಏಟು ಅಂತ ಒಂದಿಲ್ಲ ಅಂತಲೇ ತಿಳಿದುಕೊಂಡು ತಯಾರಿ ಮಾಡಬೇಕು.

ಸರಿ ಮಾಡುವುದಕ್ಕೆ ದೊಡ್ಡ ಖರ್ಚಿಲ್ಲ. ಬ್ಯಾಟರಿಯನ್ನು ಸೈಡ್ ವಿಂಗಿನ ಹಿಂದೆ, ಪರದೆಗೆ ಆದಷ್ಟು ಹತ್ತಿರ ಇಡಿ. ಅದರ ಪಕ್ಕದಲ್ಲೇ ಕಾರಿನ ಹಾರ್ನಿಗೆ ಹಾಕುವ 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಒಂದು ಕೂರಿಸಿ. ಹಾಸನದ ಬಿ.ಎಂ. ರೋಡಿನ ಆಟೋಮೊಬೈಲ್ ಅಂಗಡಿಗಳಲ್ಲಿ ಕೇಳಿದರೆ ಕೊಡುತ್ತಾರೆ. ದೂರದ ಸ್ವಿಚ್ಚಿನಿಂದ ರಿಲೇ ತನಕ ಸಣ್ಣ ವೈರು ಸಾಕು, ರಿಲೇ ಕುಡಿಯುವ ಕರೆಂಟ್ ಬಹಳ ಕಡಿಮೆ. ರಿಲೇಯಿಂದ ಪೈಪಿಗೆ ಮಾತ್ರ 4 ಸ್ಕ್ವೇರ್ ಎಂಎಂ ವೈರು ಹಾಕಿ. ದೂರ 10 ಮೀಟರ್ ಆದರೂ ಸೊಲೆನಾಯ್ಡಿಗೆ ಹತ್ತೂಮುಕ್ಕಾಲು ವೋಲ್ಟಿನಷ್ಟು ತಲುಪುತ್ತದೆ, ಎಳೆತ ಶೇಕಡಾ 80ರ ಹತ್ತಿರ ಉಳಿಯುತ್ತದೆ. ಆ ವೈರನ್ನು ಪೈಪಿನ ಒಂದು ತುದಿಗೆ ಕೊಡಬೇಡಿ, ನಡುವಿಗೆ ಕೊಟ್ಟು ಎರಡೂ ಕಡೆ ಹಂಚಿ. ಹೊಸದಾಗಿ ಕೊಳ್ಳುವವರಾದರೆ 24 ವೋಲ್ಟಿನದೇ ಕೊಳ್ಳಿ. ಅಷ್ಟೇ ಕೆಲಸಕ್ಕೆ ಅರ್ಧ ಕರೆಂಟ್ ಸಾಕು, ವೈರು ತಿನ್ನುವುದೂ ಕಡಿಮೆ. ಬ್ಯಾಟರಿಯ ಪ್ಲಸ್ ತುದಿಯಲ್ಲೇ ಒಂದು ಫ್ಯೂಸ್ ಇರಲೇಬೇಕು. ಕಾರ್ ಬ್ಯಾಟರಿ ಶಾರ್ಟ್ ಆದರೆ ವೈರು ಕೆಂಪಗೆ ಕಾದು ಹತ್ತಿಕೊಳ್ಳುತ್ತದೆ, ಸುತ್ತಲೂ ಇರುವುದೆಲ್ಲ ಬಟ್ಟೆ.

ಇನ್ನು ಬಟ್ಟೆ. 24 ಅಡಿ ಅಗಲ, 14 ಅಡಿ ಎತ್ತರದ ಪರದೆ ಅಂದರೆ ಸುಮಾರು 31 ಚದರ ಮೀಟರ್. ಚದರ ಮೀಟರಿಗೆ 60 ಗ್ರಾಂ ತೂಗುವ ತೆಳು ಸಿಲ್ಕಿನಂಥ ಬಟ್ಟೆಯಾದರೆ ಇಡೀ ಪರದೆ ಎರಡು ಕೆಜಿಯೊಳಗೆ. ಒಂದು ಪಿನ್ನಿಗೆ ಕಾಲು ಕೆಜಿಯೂ ಬರುವುದಿಲ್ಲ. ಅದೇ 400 ಗ್ರಾಮಿನ ಮಖಮಲ್ಲಾದರೆ ಹನ್ನೆರಡೂವರೆ ಕೆಜಿ, ಪಿನ್ನಿಗೆ ಒಂದೂವರೆ ಕೆಜಿಗೂ ಜಾಸ್ತಿ. ನೆರಿಗೆ ಕೊಟ್ಟರೆ ಇನ್ನೂ ಏರುತ್ತದೆ. ಸಣ್ಣ ಸೊಲೆನಾಯ್ಡ್ ತಡೆದುಕೊಳ್ಳುವ ಭಾರ ಬೇರೆ, ಆ ಭಾರದ ಕೆಳಗಿಂದ ಪಿನ್ನು ಎಳೆದುಕೊಳ್ಳುವ ಶಕ್ತಿ ಬೇರೆ. ಡಬ್ಬದ ಮೇಲೆ ಬರೆದಿರುವುದು ಯಾವುದು ಅಂತ ನೋಡಿ ಕೊಳ್ಳಿ. ನನ್ನನ್ನು ಕೇಳಿದರೆ ಬೀಳಿಸುವ ಪರದೆಗೆ ತೆಳು ಬಟ್ಟೆಯೇ ಸರಿ. ಮಖಮಲ್ಲು ಬೇಕಿದ್ದರೆ ಅಂಕದ ಪರದೆಗೆ ಇಟ್ಟುಕೊಳ್ಳಿ.

ಪಿನ್ನಿನ ಬಗ್ಗೆ ಒಂದು ಸೂಕ್ಷ್ಮ ಇದೆ. ಕಡ್ಡಿ ಪೂರ್ತಿ ಹೊರಗಿದ್ದಾಗ ಸೊಲೆನಾಯ್ಡಿನ ಎಳೆತ ತೀರಾ ಕಡಿಮೆ, ಒಳಗೆ ಹೋದಂತೆಲ್ಲ ಹೆಚ್ಚುತ್ತದೆ. ನಮಗೆ ಬಲ ಬೇಕಾಗಿರುವುದೋ ಶುರುವಿನಲ್ಲೇ. ಅದಕ್ಕೆ ಕಡ್ಡಿಗೂ ಪಿನ್ನಿಗೂ ನಡುವೆ ಎರಡು ಮೂರು ಮಿಲಿಮೀಟರ್ ಸಡಿಲ ಬಿಡಿ. ಕಡ್ಡಿ ಮೊದಲು ಬರಿಗೈಯಲ್ಲಿ ಓಡಿ, ಆ ವೇಗದಲ್ಲೇ ಪಿನ್ನನ್ನು ಹೊಡೆದು ಎಳೆಯುತ್ತದೆ. ಒಂದು ಮಳೆಗಾಲ ಸಕಲೇಶಪುರದ ಗೆಳೆಯರ ಮನೆಯಲ್ಲಿ ನನ್ನ ಸೆಟ್ ಎರಡು ತಿಂಗಳು ಇತ್ತು. ತೆಗೆದು ನೋಡಿದರೆ ಕಡ್ಡಿಗಳ ಮೇಲೆಲ್ಲ ಕುಂಕುಮ ಸವರಿದ ಹಾಗೆ ತುಕ್ಕು. ಬೆರಳಲ್ಲಿ ಒತ್ತಿದರೆ ಎರಡು ಕಡ್ಡಿ ಅಲ್ಲಾಡಲೇ ಇಲ್ಲ. ನಯ ಮರಳುಕಾಗದದಲ್ಲಿ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿದ ಮೇಲೆ ಸರಿಹೋದವು. ಗ್ರೀಸ್ ಮಾತ್ರ ಹಾಕಬೇಡಿ, ಧೂಳು ಕುಡಿದು ಅಂಟಾಗುತ್ತದೆ.

ಇಷ್ಟೆಲ್ಲ ಯಾಕೆ, ಆಫೀಸಿನ ಗಾಜಿನ ಬಾಗಿಲಿಗೆ ಹಾಕುವ ಮ್ಯಾಗ್ನೆಟಿಕ್ ಲಾಕ್ ಸಾಲದಾ ಅಂತ ಕೇಳುವವರಿದ್ದಾರೆ. ಅದರಲ್ಲಿ ಕರೆಂಟ್ ಇರುವಷ್ಟು ಹೊತ್ತು ಅಯಸ್ಕಾಂತ ಹಿಡಿದಿರುತ್ತದೆ, ತೆಗೆದರೆ ಬಿಡುತ್ತದೆ. ಪಿನ್ನಿಲ್ಲ, ತಿಕ್ಕಾಟವಿಲ್ಲ. ನಾನೂ ಒಮ್ಮೆ ಅದಕ್ಕೆ ಮನಸೋತಿದ್ದೆ. ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ಕಟ್ಟಿದೆ. ಸಂಜೆ ಆರೂವರೆಗೆ ಕರೆಂಟ್ ಒಂದು ಕ್ಷಣ ಹೋಗಿ ಬಂತು. ಲೈಟುಗಳು ಮತ್ತೆ ಹತ್ತಿಕೊಂಡವು, ಪರದೆ ನೆಲದ ಮೇಲಿತ್ತು. ಅದರ ಹಿಂದೆ ಸೀರೆ ಸರಿ ಮಾಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳು ಇಡೀ ಸಭೆಯ ಎದುರು ನಿಂತಿದ್ದರು. ಅವರ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆವತ್ತಿನಿಂದ ನಾಟಕದ ಪರದೆಗೆ ಅಯಸ್ಕಾಂತ ಕಟ್ಟಿಲ್ಲ. ಪರದೆಯನ್ನು ಕಬ್ಬಿಣವೇ ಹೊತ್ತಿರಬೇಕು. ಕರೆಂಟಿನ ಕೆಲಸ ಅರ್ಧ ಸೆಕೆಂಡ್ ಪಿನ್ನು ಎಳೆಯುವುದು ಮಾತ್ರ. ಆಗ ಕರೆಂಟ್ ಹೋದರೆ ಏನೂ ಆಗುವುದಿಲ್ಲ.

ಅಯಸ್ಕಾಂತಕ್ಕೂ ಅದರದೇ ಜಾಗ ಇದೆ, ಅದು ಬೆಂಕಿ ತಡೆಯುವ ಪರದೆ. ದೊಡ್ಡ ರಂಗಮಂದಿರಗಳಲ್ಲಿ ಸ್ಟೇಜಿಗೂ ಸಭಿಕರಿಗೂ ನಡುವೆ ಇಳಿಯುವ ಸೇಫ್ಟಿ ಕರ್ಟನ್ ಇರುತ್ತದೆ. ವೈರು ಸುಟ್ಟು ಕರೆಂಟ್ ಹೋದರೂ ಅದು ಇಳಿಯಲೇಬೇಕು. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೋಕ್ವಾ ಥಿಯೇಟರಿಗೆ ಬೆಂಕಿ ಬಿದ್ದಾಗ ಅಂಥ ಪರದೆ ಇಳಿಯುವಾಗ ನಡುವೆಯೇ ಸಿಕ್ಕಿಕೊಂಡಿತು. 600ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಬೀಳದಿರುವುದು ಅಪಾಯ. ನಮ್ಮ ನಾಟಕದಲ್ಲಿ ಬೇಡದಾಗ ಬೀಳುವುದು ಅಪಾಯ. ಯಾವ ಮೆಕ್ಯಾನಿಸಂ ಕೊಳ್ಳುವ ಮೊದಲೂ ಅಂಗಡಿಯವರನ್ನು ಕೇಳಿ: ಕರೆಂಟ್ ಹೋದರೆ ಇದು ಹಿಡಿದಿರುತ್ತದಾ, ಬಿಡುತ್ತದಾ?

ಕೆಲವು ವಿಷಯದಲ್ಲಿ ನಾನು ಹಠ ಮಾಡುತ್ತೇನೆ. ಈ ಪಿನ್ನುಗಳಿಂದ ಬಟ್ಟೆ ಬಿಟ್ಟು ಬೇರೇನೂ ಬೀಳಬಾರದು. ಮರದ ರೀಪು, ಚೌಕಟ್ಟು, ಪೈಪು ಇರುವ ಸೀನರಿಯನ್ನು ಜನರ ತಲೆ ಮೇಲೆ ಹೀಗೆ ಕಟ್ಟಲೇಬೇಡಿ. 230 ವೋಲ್ಟನ್ನು ಆ ಕಬ್ಬಿಣದ ಪೈಪಿನ ಹತ್ತಿರ ತರಬೇಡಿ. ಹಳ್ಳಿಯ ಸ್ಟೇಜು, ರಾತ್ರಿಯ ಮಂಜು, ಟೇಪು ಸುತ್ತಿದ ಜಾಯಿಂಟು, ಇಷ್ಟು ಸೇರಿದರೆ ಸಾಕು. ಬಟ್ಟೆ ಬೀಳುವ ಜಾಗದಲ್ಲಿ ಬಿಸಿಯಾಗುವ ಹ್ಯಾಲೋಜನ್ ಲೈಟ್ ಇರಬಾರದು. ಸ್ವಿಚ್ ಬೆಲ್ ಸ್ವಿಚ್ಚಿನ ಥರದ್ದಿರಲಿ, ಬೆರಳು ತೆಗೆದರೆ ಆಫ್ ಆಗಬೇಕು. ಸಣ್ಣ ಸೊಲೆನಾಯ್ಡಿಗೆ ನಿಮಿಷಗಟ್ಟಲೆ ಕರೆಂಟ್ ಕೊಟ್ಟರೆ ಸುರುಳಿ ಸುಟ್ಟುಹೋಗುತ್ತದೆ. ಈ ಸ್ವಿಚ್ಚಿಗಿಂತ ಮೊದಲು ಇನ್ನೊಂದು ಮೇನ್ ಸ್ವಿಚ್ ಇಡಿ, ಸಂಧಾನದ ಸೀನು ಶುರುವಾದ ಮೇಲೇ ಅದನ್ನು ಆನ್ ಮಾಡಿ. ಕತ್ತಲಲ್ಲಿ ಯಾರದೋ ಮೊಣಕೈ ತಗುಲಿ ಪರದೆ ಬಿದ್ದದ್ದನ್ನು ನೋಡಿದ್ದೇನೆ. ಪ್ರತಿ ಸುರುಳಿಗೂ ಒಂದೊಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಉಲ್ಟಾ ಹಾಕಿಸಿ, ಸ್ವಿಚ್ ಬಿಟ್ಟಾಗ ಹಾರುವ ಕಿಡಿ ರಿಲೇಯ ಕಾಂಟ್ಯಾಕ್ಟ್ ಸುಡುವುದಿಲ್ಲ.

ಎಂಟೂ ಪಿನ್ನುಗಳ ಬಾಲಕ್ಕೆ ದಾರ ಕಟ್ಟಿ, ಎಲ್ಲವನ್ನೂ ಒಂದೇ ಹಗ್ಗಕ್ಕೆ ಸೇರಿಸಿ ವಿಂಗಿನ ಹಿಂದೆ ಇಳಿಬಿಡಿ. ಕರೆಂಟ್ ಕೈಕೊಟ್ಟರೆ ಹಗ್ಗ ಎಳೆದರಾಯಿತು. ನಿಮ್ಮ ಸ್ಟೇಜು ಹನ್ನೆರಡು ಅಡಿಯದ್ದಾದರೆ ಬರೀ ಹಗ್ಗವೇ ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ನಾಟಕದ ಹಿಂದಿನ ದಿನ ಅದೇ ಸ್ಟೇಜಿನಲ್ಲಿ, ಅದೇ ವೈರು, ಅದೇ ಬ್ಯಾಟರಿ, ಪೂರ್ತಿ ಪರದೆ ಕಟ್ಟಿ ಹತ್ತು ಸಲ ಬೀಳಿಸಿ. ಹತ್ತರಲ್ಲಿ ಒಂದು ಸಲ ತಪ್ಪಿದರೂ ಕಾರಣ ಸಿಗುವ ತನಕ ಬಿಡಬೇಡಿ. ಬಟ್ಟೆ ಬಿದ್ದ ತಕ್ಷಣ ಎರಡೂ ಕಡೆಯಿಂದ ಎಳೆದುಕೊಳ್ಳಲು ಇಬ್ಬರು ಹುಡುಗರು ಇರಲಿ, ಇಲ್ಲದಿದ್ದರೆ ದುರ್ಯೋಧನ ಅದರ ಮೇಲೆ ಕಾಲಿಟ್ಟು ಜಾರುತ್ತಾನೆ. ಕೃಷ್ಣನ ಪಾತ್ರದವರು ಪರದೆಯಿಂದ ನಾಲ್ಕು ಅಡಿ ಮುಂದೆ ನಿಲ್ಲಲಿ.

ಹದಿನಾಲ್ಕು ಅಡಿಯಿಂದ ಕಲ್ಲು ಬಿಟ್ಟರೂ ನೆಲ ಮುಟ್ಟಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ತೆಳು ಬಟ್ಟೆ ಗಾಳಿಯನ್ನು ತಳ್ಳಿಕೊಂಡು ಇಳಿಯಬೇಕಾದ್ದರಿಂದ ಇನ್ನೂ ಸ್ವಲ್ಪ ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರಿಗೂ ಇದನ್ನು ಹೇಳಿಡಿ. ಕೃಷ್ಣ ಕೈ ಎತ್ತಿ ಮುಗಿಸಿದ ಮೇಲೆ ಒತ್ತಿದರೆ ತಡವಾಗುತ್ತದೆ. ಎತ್ತಲು ಶುರು ಮಾಡಿದಾಗಲೇ ಒತ್ತಿ, ಕೈ ಪೂರ್ತಿ ಮೇಲೆ ಹೋಗುವ ಹೊತ್ತಿಗೆ ವಿಶ್ವರೂಪ ಕಾಣುತ್ತಿರುತ್ತದೆ.