ಫೌಂಟನ್ಸ್ ಚರ್ಚಿನ ಛಾವಣಿ ಎಲ್ಲಿ ಹೋಯಿತು? (ಫಿರಂಗಿ ಕಥೆ ಸಾಕು ಮಾಡಿ)

ಪ್ರಶ್ನೆ: "ಯಾರ್ಕ್‌ಷೈರಿನ ಫೌಂಟನ್ಸ್ ಅಬ್ಬೆಗೆ (ಹಾಳುಬಿದ್ದ ಹಳೆಯ ಕ್ರೈಸ್ತ ಮಠ) ಹೋಗಿದ್ದೆವು. ಗೋಡೆ, ಕಂಬ ಎಲ್ಲಾ ಗಟ್ಟಿಮುಟ್ಟಾಗಿ ನಿಂತಿವೆ, ಛಾವಣಿ ಮಾತ್ರ ಇಲ್ಲ. ಕ್ರಾಮ್‌ವೆಲ್ ಫಿರಂಗಿಯಿಂದ ಹೊಡೆಸಿದ ಅಂತ ಜೊತೆಗಿದ್ದವರು ಹೇಳಿದರು. ಹೌದಾ?"

ಅಲ್ಲ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಲೀಡ್ಸ್‌ನಿಂದಲೋ ಮ್ಯಾಂಚೆಸ್ಟರಿನಿಂದಲೋ ಚಿತ್ರಾನ್ನ ಕಟ್ಟಿಕೊಂಡು ಹೊರಟಿರುತ್ತೀರಿ, ಸ್ಕೆಲ್ ಹೊಳೆಯ ಕಣಿವೆಗೆ ಇಳಿದ ಕೂಡಲೇ ಗುಂಪಿನಲ್ಲಿ ಯಾರಾದರೂ ಒಬ್ಬರು ಕ್ರಾಮ್‌ವೆಲ್ ಪುರಾಣ ಶುರು ಮಾಡುತ್ತಾರೆ. ಎಷ್ಟು ಸಲ ಹೇಳಿದರೂ ಮುಗಿಯುತ್ತಿಲ್ಲ. ಈ ಸಲ ಬಿಡಿಸಿ ಬರೆಯುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿಬಿಡಿ.

ಛಾವಣಿ ಹೋದದ್ದು ಸೀಸದ ಆಸೆಗೆ. ಆ ಕಾಲದ ದೊಡ್ಡ ಚರ್ಚುಗಳ ಮೇಲೆ ಮರದ ಚೌಕಟ್ಟು, ಅದರ ಮೇಲೆ ಸೀಸದ ತಗಡು. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸುತ್ತಾ ಬಂದ. 1539ರ ನವೆಂಬರಿನಲ್ಲಿ ಫೌಂಟನ್ಸ್ ಮಠದವರೂ ಆಸ್ತಿಯನ್ನು ರಾಜನಿಗೆ ಒಪ್ಪಿಸಿದರು. ಒಂದು ಗುಂಡೂ ಹಾರಲಿಲ್ಲ. ಮಠಾಧಿಪತಿಗೆ ವರ್ಷಕ್ಕೆ 100 ಪೌಂಡ್ ಪಿಂಚಣಿ ಗೊತ್ತಾಯಿತು, ಮಾರನೇ ವರ್ಷ ಜಾಗವನ್ನು ಲಂಡನ್ನಿನ ವ್ಯಾಪಾರಿ ರಿಚರ್ಡ್ ಗ್ರೆಷಮ್ ಕೊಂಡುಕೊಂಡ. ಹೀಗೆ ಮುಚ್ಚಿದ ಮಠಗಳ ಸೀಸ, ಗಂಟೆಗಳೆಲ್ಲ ರಾಜನ ಖಜಾನೆಯ ಲೆಕ್ಕಕ್ಕೆ. ತಗಡು ಕಿತ್ತ ಮೇಲೆ ಯಾರ್ಕ್‌ಷೈರಿನ ಮಳೆ ಸುಮ್ನೆ ಬಿಡುತ್ತದಾ? ಮರ ಕೊಳೆಯಿತು, ಬಿತ್ತು.

ಇನ್ನು ಕ್ರಾಮ್‌ವೆಲ್. ಇದ್ದವರು ಇಬ್ಬರು ಸ್ವಾಮಿ. ಮಠ ಮುಚ್ಚಿಸುವ ಕೆಲಸ ನಡೆಸಿದವನು ಥಾಮಸ್ ಕ್ರಾಮ್‌ವೆಲ್, ಹೆನ್ರಿಯ ಮಂತ್ರಿ. ಅವನ ಆಯುಧ ದಫ್ತರ, ಫಿರಂಗಿಯಲ್ಲ. 1540ರಲ್ಲಿ ಹೆನ್ರಿಯೇ ಅವನ ತಲೆ ತೆಗೆಸಿದ. ಫಿರಂಗಿಯ ಕ್ರಾಮ್‌ವೆಲ್, ಅಂದರೆ ಆಲಿವರ್, ಹುಟ್ಟಿದ್ದೇ 1599ರಲ್ಲಿ. ಅವನ ಯುದ್ಧ, ಅಂದರೆ ರಾಜನಿಗೂ ಪಾರ್ಲಿಮೆಂಟಿಗೂ ನಡೆದದ್ದು, ಶುರುವಾದದ್ದು 1642ಕ್ಕೆ. ಅಷ್ಟು ಹೊತ್ತಿಗೆ ಫೌಂಟನ್ಸ್ ಹಾಳುಬಿದ್ದು ನೂರು ವರ್ಷ ದಾಟಿತ್ತು, ಅಲ್ಲಿನ ಕಲ್ಲು ಕಿತ್ತು ಪಕ್ಕದಲ್ಲೇ ಫೌಂಟನ್ಸ್ ಹಾಲ್ ಅನ್ನೋ ಬಂಗಲೆಯನ್ನೂ ಕಟ್ಟಿ ಆಗಿತ್ತು. ಛಾವಣಿ ಇಲ್ಲದ, ಜನ ಇಲ್ಲದ ಚರ್ಚಿಗೆ ಯಾರಾದರೂ ಮದ್ದುಗುಂಡು ದಂಡ ಮಾಡುತ್ತಾರಾ?

"ಆದರೆ ಸುತ್ತಮುತ್ತಲ ಕೋಟೆಗಳನ್ನು ಆಲಿವರ್ ಕಡೆಯವರೇ ಕೆಡವಿದ್ದಲ್ವಾ?" ಅಂತ ಒಬ್ಬರು ವಾದಕ್ಕೆ ಬಂದಿದ್ದರು. ಹೌದು, ಕೋಟೆಗಳನ್ನು ಕೆಡವಿದ್ದು ನಿಜ. ನೇರ್ಸ್‌ಬರೋ, ಹೆಲ್ಮ್‌ಸ್ಲಿ, ಪಾಂಟಿಫ್ರಾಕ್ಟ್ ಕೋಟೆಗಳನ್ನು ಶತ್ರು ಮತ್ತೆ ಬಳಸಬಾರದು ಅಂತ 1640ರ ದಶಕದಲ್ಲಿ ಪಾರ್ಲಿಮೆಂಟಿನ ಕಡೆಯವರು ಹಾಳುಗೆಡವಿದರು. ಪ್ರವಾಸಿಗರು ಬೆಳಿಗ್ಗೆ ಕೋಟೆ, ಮಧ್ಯಾಹ್ನ ಮಠ ನೋಡಿ ಎರಡನ್ನೂ ಒಬ್ಬನ ತಲೆಗೇ ಕಟ್ಟಿಬಿಡುತ್ತಾರೆ. ತಮಾಷೆ ಏನಂದರೆ ಆ ಇಬ್ಬರು ಕ್ರಾಮ್‌ವೆಲ್‌ಗಳೂ ಸಂಬಂಧಿಕರು. ಆಲಿವರ್ ಮನೆತನ ಥಾಮಸ್‌ನ ಅಕ್ಕನ ಕಡೆಯದು, ಆ ಮನೆತನ ಸಿರಿವಂತ ಆದದ್ದೂ ಮುಚ್ಚಿದ ಮಠಗಳ ಜಮೀನಿನಿಂದಲೇ.

ನನ್ನ ಮಾತು ನಂಬಬೇಡಿ, ಕಟ್ಟಡವನ್ನೇ ನೋಡಿ. ಚರ್ಚಿನ ಪಡುವಣ ತುದಿಯಿಂದ ತೆಂಕಣಕ್ಕೆ ಹೊರಟರೆ ಉದ್ದದ ಉಗ್ರಾಣ ಇದೆ. ಸುಮಾರು 90 ಮೀಟರ್. ಕಲ್ಲಿನ ಕಮಾನುಗಳ ಮೇಲ್ಛಾವಣಿ ಇವತ್ತಿಗೂ ಪೂರ್ತಿ ಇದೆ, ಮಳೆ ಬಂದರೆ ಎಲ್ಲರೂ ಓಡುವುದು ಅಲ್ಲಿಗೇ. ಅದರ ಮೇಲಿನ ಮಹಡಿಯ ಛಾವಣಿ ಮಾತ್ರ ಮಾಯ. ಮೇಲಿನದನ್ನು ಹೊಡೆದು ಕೆಳಗಿನದನ್ನು ಬಿಡುವಷ್ಟು ಜಾಣ ಫಿರಂಗಿ ಯಾವುದು? ಸೀಸ ಹೊದ್ದದ್ದು ಹೋಯಿತು, ಬರೀ ಕಲ್ಲಿನದು ಉಳಿಯಿತು.

ಸೀಸ ಕರಗಿಸಿದ ಬಗೆಗೆ ಪುರಾವೆ ಬೇಕಾದರೆ ಅದೇ ಯಾರ್ಕ್‌ಷೈರಿನ ರೋಚ್ ಮಠದ ಕಥೆ ಕೇಳಿ. ಮೈಕಲ್ ಶೆರ್‌ಬ್ರೂಕ್ ಎಂಬ ಪಾದ್ರಿ ಬರೆದಿಟ್ಟಿದ್ದಾನೆ: ಸನ್ಯಾಸಿಗಳು ಕೂತು ಹಾಡುತ್ತಿದ್ದ ಮರದ ಪೀಠಗಳನ್ನೇ ಮುರಿದು ಉರಿ ಹಾಕಿ ಸೀಸ ಕರಗಿಸಿದರಂತೆ. ಅವನ ಅಪ್ಪ ಆ ಚರ್ಚಿನ ಮರ ಕೊಂಡವರಲ್ಲಿ ಒಬ್ಬ. ಸನ್ಯಾಸಿಗಳ ಮೇಲೆ ಒಳ್ಳೆಯ ಅಭಿಪ್ರಾಯ ಇತ್ತಲ್ಲ, ಮತ್ತೆ ಹೀಗೇಕೆ ಮಾಡಿದೆ ಅಂತ ಮಗ ಕೇಳಿದ್ದಕ್ಕೆ, ಎಲ್ಲಾ ಹೋಗೋದು ಕಾಣಿಸುತ್ತಿತ್ತು, ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ ಅಂದನಂತೆ. ರಿವೋ ಮಠದಲ್ಲಿ ಅರ್ಧ ಟನ್ನಿನ ಆಸುಪಾಸು ತೂಗುವ ಸೀಸದ ಗಟ್ಟಿಗಳು, ರಾಜಮುದ್ರೆ ಸಮೇತ, ಕುಸಿದ ಕಿಟಕಿಯ ಅಡಿಯಲ್ಲಿ 1920ರ ದಶಕದವರೆಗೆ ಹೂತುಹೋಗಿದ್ದವು. ಆ ಸೀಸವನ್ನು ಯಾರ್ಕ್ ಮಿನ್‌ಸ್ಟರಿನ (ಯಾರ್ಕ್ ಊರಿನ ದೊಡ್ಡ ಚರ್ಚು) 'ಐವರು ಸೋದರಿಯರು' ಅನ್ನೋ ಹೆಸರಿನ ಕಿಟಕಿಯ ಗಾಜು ಕೂರಿಸಲು ಬಳಸಿದರು.

ಇನ್ನೊಂದು ಚಿಕ್ಕ ತಿದ್ದುಪಡಿ. ಎಲ್ಲರೂ ಸೆಲ್ಫಿ ತೆಗೆದುಕೊಳ್ಳುವ ಆ ಎತ್ತರದ ಗೋಪುರ ರೊಮನೆಸ್ಕ್ (ಚೂಪು ಕಮಾನಿನ ಗಾಥಿಕ್‌ಗೆ ಮೊದಲಿನ, ದುಂಡು ಕಮಾನಿನ ಶೈಲಿ) ಅಲ್ಲ. ಅದನ್ನು ಕಟ್ಟಿಸಿದ್ದು ಮಠಾಧಿಪತಿ ಮಾರ್ಮಡ್ಯೂಕ್ ಹ್ಯೂಬಿ, ಮಠ ಮುಚ್ಚುವುದಕ್ಕೆ ಸ್ವಲ್ಪವೇ ಮೊದಲು. ರೊಮನೆಸ್ಕ್ ನೋಡಬೇಕಾದರೆ ಚರ್ಚಿನ ಉದ್ದದ ನಡುಸಾಲಿಗೆ ಬನ್ನಿ: ದಪ್ಪ ಕಂಬಗಳು, ಮೇಲೆ ಅರ್ಧಚಂದ್ರದ ತಲೆಯ ಕಿಟಕಿಗಳು. 12ನೇ ಶತಮಾನದ ಕೆಲಸ. ಕಂಬಗಳ ಮೇಲಿನ ಕಮಾನು ಮಾತ್ರ ಆಗಲೇ ಸ್ವಲ್ಪ ಚೂಪಾಗಿದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ, ನನಗೆ ಅದೇ ಜಾಸ್ತಿ ಇಷ್ಟ. 1132ರಲ್ಲಿ ಯಾರ್ಕಿನ ಮಠದಲ್ಲಿ ಜಗಳವಾಗಿ ಹೊರಬಿದ್ದ 13 ಸನ್ಯಾಸಿಗಳು ಚಳಿಗಾಲದಲ್ಲಿ ಈ ಕಣಿವೆಗೆ ಬಂದರು. ತಲೆಯ ಮೇಲೆ ಸೂರಿರಲಿಲ್ಲ. ಇಷ್ಟು ದೊಡ್ಡ ಚರ್ಚಿಗೆ ದುಡ್ಡು ಎಲ್ಲಿಂದ ಬಂತು? ದಾನವಾಗಿ ಬಂದ ಜಮೀನು, ಆಮೇಲೆ ಕುರಿ. ಇಟಲಿಯ ವ್ಯಾಪಾರಿ ಪೆಗೊಲೊಟ್ಟಿ 14ನೇ ಶತಮಾನದಲ್ಲಿ ಬರೆದ ಪಟ್ಟಿಯಲ್ಲಿ ಫೌಂಟನ್ಸ್ ಹೆಸರಿಗೆ ವರ್ಷಕ್ಕೆ 76 ಮೂಟೆ ಉಣ್ಣೆ ಇದೆ, ಒಂದೊಂದು ಮೂಟೆ ಸುಮಾರು 165 ಕಿಲೋ. ಬೆವರು ಸುರಿಸಿದವರು ಓದು ಬರಹ ಇಲ್ಲದ ಸೇವಕ ಸೋದರರು, ಉಗ್ರಾಣದ ಮೇಲಿನ ಮಹಡಿಯಲ್ಲಿ ಮಲಗುತ್ತಿದ್ದವರು.

ಹಾಗಂತ ಲೆಕ್ಕ ಸದಾ ಸರಿಹೋಗುತ್ತಿರಲಿಲ್ಲ. ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊನೆ ಮರದಲ್ಲಿರುವಾಗಲೇ ತೋಟವನ್ನು ಚೇಣಿಗೆ ಕೊಡುತ್ತಾರಲ್ಲ, ಹಾಗೆ ಇವರು ಮುಂದಿನ ಎಷ್ಟೋ ವರ್ಷಗಳ ಉಣ್ಣೆಯನ್ನು ಇಟಲಿಯವರಿಗೆ ಮೊದಲೇ ಮಾರಿ ಮುಂಗಡ ತಿಂದುಬಿಡುತ್ತಿದ್ದರು. ಕುರಿಗೆ ಕಜ್ಜಿ ಬಂತು, ಉಣ್ಣೆ ಬರಲಿಲ್ಲ. 13ನೇ ಶತಮಾನದ ಕೊನೆಗೆ ಮಠದ ತಲೆಯ ಮೇಲೆ ಸಾವಿರಾರು ಪೌಂಡ್ ಸಾಲ.

ಮುಂದಿನ ಸಲ ಪೆನಿಗೆಂಟ್ ಬೆಟ್ಟ ಹತ್ತುವ ಹುಮ್ಮಸ್ಸಿದ್ದರೆ ಪಕ್ಕದ ಗುಡ್ಡವನ್ನೂ ನೋಡಿ. ಮಠದಿಂದ ಅಷ್ಟು ದೂರದಲ್ಲಿದ್ದರೂ ಅದರ ಹೆಸರು ಫೌಂಟನ್ಸ್ ಫೆಲ್. ಇವರ ಕುರಿ ಅಲ್ಲಿಯವರೆಗೂ ಮೇಯುತ್ತಿದ್ದವು.