ಕಾರೊಳಗೆ ನೀರು ಎಲ್ಲಿಂದ ಬರ್ತತೆ: ಡೋರ್ ಬಗ್ಗೆ ಜಾಸ್ತಿನೇ ಬರೆದಿರೋ ನೋಟ್ಸ್

ಗ್ಯಾರೇಜ್ ಕೆಲಸ ಕಲೀತಿರೋ ನಮ್ಮಂಥೋರಿಗೆ ಅಂತ ಬರೀತಿದೀನಿ, ತಲೇಲಿ ಇನ್ನೂ ಹಸಿ ಇರುವಾಗ್ಲೇ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಹಿಡೀತು ಅಂದ್ರೆ ದಾವಣಗೆರೆಲಿ "ಅಣ್ಣ, ಮ್ಯಾಟ್ ಕೆಳಗೆ ನೀರು ನಿಂತೈತೆ ನೋಡು" ಅಂತ ಒಂದಲ್ಲ ಒಂದು ಗಾಡಿ ಬಂದೇ ಬರ್ತತೆ. ಬಂದ ತಕ್ಷಣ ಸಿಲಿಕಾನ್ ಟ್ಯೂಬ್ ತಗೊಂಡು ಕಂಡಕಂಡಲ್ಲಿ ಬಳಿಯೋರು ಅದಾರೆ, ಅದನ್ನ ಮಾತ್ರ ಕಲೀಬೇಡ್ರಪ್ಪ, ಆಮೇಲೆ ನಿಜವಾದ ತೂತು ಹುಡುಕೋಕೂ ಅದೇ ಅಡ್ಡ ಬರ್ತತೆ.

ಮೊದ್ಲು: ಮಳೆ ನೀರಾ, ಅಲ್ವಾ

ಮಳೆನೇ ಇಲ್ದೆ ಎಡಗಡೆ ಮುಂದಿನ ಸೀಟಿನ ಕಾಲ ಹತ್ರ ಒದ್ದೆ ಐತೆ, ನೀರು ತಿಳಿಯಾಗೈತೆ, ವಾಸನೆ ಇಲ್ಲ ಅಂದ್ರೆ ಏಸಿ ಡ್ರೈನ್ ಪೈಪ್ ನೋಡಿ. ಕೂಲಿಂಗ್ ಕಾಯಿಲ್ ಮೇಲೆ ಕಟ್ಟೋ ನೀರು ಆ ಪೈಪಿಂದ ಹೊರಗೆ ಹೋಗ್ಬೇಕು, ಧೂಳು ಕಟ್ಕೊಂಡ್ರೆ ಒಳಗೇ ಸುರೀತತೆ. ಸೆಕೆ ಇರೋ ದಿನ ಏಸಿ ಹಾಕಿ 15-20 ನಿಮಿಷ ನಿಲ್ಸಿ, ಗಾಡಿ ಕೆಳಗೆ ನೀರು ತೊಟ್ಟಿಕ್ಕಬೇಕು. ಬೆರಳಿಗೆ ಅಂಟು ಅಂಟು, ಸಿಹಿ ವಾಸನೆ, ಹಸಿರೋ ಗುಲಾಬಿನೋ ಬಣ್ಣ, ಮುಂದಿನ ಗಾಜಿನ ಒಳಗೆ ಎಣ್ಣೆ ಎಣ್ಣೆ ಮಬ್ಬು ಇದ್ರೆ ಅದು ಕೂಲಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಹೀಟರ್ ಕಾಯಿಲ್ ಹೋಗೈತೆ. ನಾಲಿಗೆಗೆ ಹಚ್ಚಿ ನೋಡೋಕೆ ಹೋಗ್ಬೇಡಿ, ವಿಷ ಅದು.

ಇವೆರಡೂ ಅಲ್ಲ ಅಂದ್ರೆ ಮಳೆ ನೀರು, ಮುಂದಿಂದೆಲ್ಲ ಅದಕ್ಕೇ.

ಪೈಪ್ ಹಿಡಿಯೋದು ಕೆಳಗಿಂದ ಮೇಲಕ್ಕೆ

ನೀರು ನಿಂತಿರೋ ಜಾಗ ನೀರು ಬಂದಿರೋ ಜಾಗ ಅಲ್ಲ. ಮುಂದೆ ಎಲ್ಲೋ ಒಳಗೆ ಬಂದಿದ್ದು, ಗಾಡಿ ಇಳಿಜಾರಲ್ಲಿ ಮೂತಿ ಮೇಲೆ ಮಾಡಿ ನಿಂತಿದ್ರೆ ಕಾರ್ಪೆಟ್ ಕೆಳಗಿನ ಫೋಮಲ್ಲೇ ಹರಿದು ಹಿಂದಿನ ಸೀಟಿನ ಹತ್ರ ಹೋಗಿ ನಿಲ್ತತೆ. ಅದಕ್ಕೆ ಕಾರ್ಪೆಟ್ ಎತ್ತಿ ಮಣ್ಣಿನ ಗೆರೆ ಹುಡುಕ್ಬೇಕು. ಹೊಳಲ್ಕೆರೆ ಕಡೆ ಕೆಂಪು ಧೂಳಲ್ಲಿ ಓಡಾಡೋ ಗಾಡಿ ಆದ್ರೆ ಕೆಲಸ ಹಗುರ, ಬಿಳಿ ತಗಡಿನ ಮೇಲೆ ಸಣ್ಣ ಕೆಂಪು ಗೆರೆ ಎಳೆದಂಗೆ ಕಾಣ್ತತೆ, ಅದನ್ನೇ ಹಿಡ್ಕೊಂಡು ಮೇಲಕ್ಕೆ ಹೋಗೋದು.

ಗೆರೆ ಸಿಗಲಿಲ್ಲ ಅಂದ್ರೆ ಒಬ್ರು ಒಳಗೆ ಟಾರ್ಚ್ ಹಿಡ್ಕೊಂಡು ಕೂರ್ಬೇಕು, ಇನ್ನೊಬ್ರು ಹೊರಗಿಂದ ಪೈಪಲ್ಲಿ ನೀರು ಬಿಡ್ಬೇಕು. ಮೇಲೆ ರೂಫಿಂದ ಶುರು ಮಾಡಿದ್ರೆ ಅದೇ ನೀರು ಗಾಜು, ಬೀಡಿಂಗ್ (ಬಾಗಿಲ ಸುತ್ತ ಇರೋ ರಬ್ಬರ್ ಪಟ್ಟಿ), ಡೋರ್ ಎಲ್ಲದ್ರ ಮೇಲೂ ಇಳೀತತೆ, ಒಳಗೆ ಒದ್ದೆ ಆದ್ರೂ ಯಾವುದ್ರಿಂದ ಅಂತ ಹೇಳೋಕಾಗಲ್ಲ. ಕೆಳಗಿಂದ ಶುರು ಮಾಡಿದ್ರೆ ಮೇಲಿಂದೆಲ್ಲ ಇನ್ನೂ ಒಣಗೇ ಇರ್ತತೆ, ಹಂಗಾಗಿ ಒದ್ದೆ ಆಯ್ತು ಅಂದ್ರೆ ನೀರು ಮುಟ್ಟಿರೋ ಎತ್ತರದೊಳಗೇ ತೂತು ಐತೆ ಅಂತ ಗ್ಯಾರಂಟಿ. ಡೋರ್ ಕೆಳಗಿನ ಅಂಚು, ಆಮೇಲೆ ಡೋರ್ ಮಧ್ಯ, ಆಮೇಲೆ ಕಿಟಕಿ, ಆಮೇಲೆ ಮುಂದಿನ ಗಾಜು, ಕೊನೆಗೆ ರೂಫ್. ಒಂದೊಂದು ಜಾಗಕ್ಕೂ ಐದು ನಿಮಿಷ ಆದ್ರೂ ಬಿಡಿ, ನೀರು ನಿಲ್ಸಿದ ಮೇಲೂ ಸ್ವಲ್ಪ ಕಾಯಿರಿ, ಯಾಕಂದ್ರೆ ನೀರು ಒಳದಾರಿ ಸುತ್ತಿ ಬರೋಕೆ ಟೈಮ್ ತಗೊಂತತೆ, ನೀವು ಪೈಪ್ ಗಾಜಿನ ಹತ್ರ ತಂದಾಗ ಕಂಡ ಹನಿ ಐದು ನಿಮಿಷದ ಹಿಂದೆ ಡೋರಿಗೆ ಬಿಟ್ಟ ನೀರಿಂದೇ ಇರ್ಬೋದು. ವಾಟರ್ ವಾಶ್ ಗನ್ ಬೇಡ, ಆ ಪ್ರೆಶರಿಗೆ ಒಳ್ಳೆ ಬೀಡಿಂಗೂ ನೀರು ಬಿಡ್ತತೆ.

ಡೋರ್: ಇಲ್ಲೇ ತಲೆ ಕೆಡೋದು

ಬೀಡಿಂಗ್ ನೋಡಿದ್ರೆ ಚೆನ್ನಾಗೈತೆ. ಪೌಡರ್ ಹಾಕಿ ಬಾಗಿಲು ಮುಚ್ಚಿ ತೆಗೆದ್ರೆ ಸುತ್ತ ಒಂದೇ ಸಮ ಗುರುತು ಬಿದ್ದೈತೆ. ಪೇಪರ್ ಚೂರು ಸಿಗಿಸಿ ಎಳೆದ್ರೆ ಎಲ್ಲಾ ಕಡೆ ಬಿಗಿ. ಆದ್ರೂ ಕಾರ್ಪೆಟ್ ಒದ್ದೆ. ಯಾಕೆ?

ಡೋರಿನ ಒಳಗೆ, ಅಂದ್ರೆ ಹೊರಗಿನ ತಗಡಿಗೂ ಒಳಗಿನ ತಗಡಿಗೂ ಮಧ್ಯ, ನೀರು ಬರೋದು ತಪ್ಪಲ್ಲ. ಕಂಪನಿಯೋರೇ ಬರ್ಲಿ ಅಂತ ಬಿಟ್ಟಿರೋದು. ಕಿಟಕಿ ಗಾಜಿನ ಬುಡದಲ್ಲಿರೋ ರಬ್ಬರ್ ಗಾಜನ್ನ ಒರೆಸ್ತತೆ ಅಷ್ಟೆ, ನೀರು ಪೂರ್ತಿ ತಡೆಯಲ್ಲ. ಹಂಗೆ ಇಳಿದ ನೀರು ಡೋರ್ ತಳದಲ್ಲಿರೋ ಸಣ್ಣ ತೂತುಗಳಿಂದ ಹೊರಗೆ ಹೋಗ್ಬೇಕು. ಅವು ಮಣ್ಣು ಕಟ್ಕೊಂಡಿದ್ರೆ ಬಾಗಿಲು ಆಡಿಸಿದಾಗ ಒಳಗೆ ಗುಳುಗುಳು ಅಂತತೆ, ಕಡ್ಡಿ ಹಾಕಿ ಬಿಡಿಸಿದ್ರೆ ಆಯ್ತು.

ಹಂಗಾದ್ರೆ ಆ ನೀರು ನಮ್ಮ ಕಡೆ ಬರ್ದಂಗೆ ತಡಿಯೋದು ಯಾವ್ದು? ಡೋರ್ ಪ್ಯಾಡ್, ಅಂದ್ರೆ ಬಾಗಿಲ ಒಳಗಡೆ ನಮ್ಗೆ ಕಾಣೋ ಕವರ್, ಬಿಚ್ಚಿದ್ರೆ ಹಿಂದೆ ಒಂದು ಪ್ಲಾಸ್ಟಿಕ್ ಶೀಟ್ ಕಾಣ್ತತೆ, ಸುತ್ತ ಕಪ್ಪಗೆ ಅಂಟಂಟಾಗಿರೋ ಬ್ಯೂಟೈಲ್ ಹಾಕಿ ಅಂಟಿಸಿರ್ತಾರೆ. ಧೂಳಿಗೆ ಹಾಕಿರೋ ಕವರ್ ಅಂದ್ಕೊಂಡು ಹರಿದು ಬಿಸಾಕೋರು ಬೇಕಾದಷ್ಟು ಜನ, ಆದ್ರೆ ಗೋಡೆ ಅಂದ್ರೆ ಅದೇ. ಸ್ಪೀಕರ್ ಹಾಕ್ಸಿದಾಗ, ಪವರ್ ವಿಂಡೋ ಮೋಟಾರ್ ಬದಲಾಯ್ಸಿದಾಗ ಅದನ್ನ ಕಿತ್ತು, ವಾಪಸ್ ಸೆಲ್ಲೋ ಟೇಪ್ ಹಚ್ಚಿ ಕಳಿಸಿರ್ತಾರೆ. ಆಗ ನೀರು ಒಳಗಿನ ತಗಡಿನ ತೂತಿಂದ ಪ್ಯಾಡಿನ ಹಿಂಭಾಗಕ್ಕೆ ಬಂದು, ಬೀಡಿಂಗಿನ ಒಳಗಡೆನೇ ಇಳಿದು, ಸೀದಾ ಕಾರ್ಪೆಟ್ಟಿಗೆ. ಬೀಡಿಂಗ್ ದಾಟೋ ಪ್ರಶ್ನೆನೇ ಇಲ್ಲ, ಅದಕ್ಕೇ ಹೊಸ ಬೀಡಿಂಗ್ ಹಾಕಿದ್ರೂ ಲೀಕ್ ನಿಲ್ಲಲ್ಲ.

ಹಾಗಾಗಿ ಗಾಡಿ ಓನರಿಗೆ ನಾನು ಮೊದ್ಲು ಕೇಳೋದು "ಸರ್, ಇತ್ತೀಚೆಗೆ ಡೋರ್ ಕೆಲಸ ಏನಾದ್ರೂ ಮಾಡ್ಸಿದ್ರಾ?" ಅಂತ.

ಪರೀಕ್ಷೆ ಸುಲಭ: ಪ್ಯಾಡ್ ಬಿಚ್ಚಿಟ್ಟು, ಬಾಗಿಲು ಮುಚ್ಚಿ, ಹೊರಗಿಂದ ಗಾಜಿನ ಮೇಲೆ ಚೊಂಬಲ್ಲಿ ನೀರು ಹುಯ್ಯಿರಿ, ಒಳಗಿಂದ ಶೀಟಿನ ಅಂಚಿಗೆ ಟಿಶ್ಯೂ ಒತ್ತಿ ನೋಡಿ. ವಾಪಸ್ ಅಂಟಿಸುವಾಗ ಶೀಟಿನ ಕೆಳಗಿನ ಅಂಚಿಗೆ ತಗಡಲ್ಲಿ ಸೀಳು ಕೊಟ್ಟಿದ್ರೆ ಆ ಅಂಚನ್ನ ಅದರೊಳಗೇ ತೂರಿಸ್ಬೇಕು, ಶೀಟ್ ಮೇಲೆ ಇಳಿದ ನೀರು ವಾಪಸ್ ಡೋರ್ ಒಳಗೇ ಬೀಳ್ಲಿ ಅಂತ. ತಗಡಿನ ಮೇಲೆ ಚಪ್ಪಟೆಯಾಗಿ ಅಂಟಿಸಿಬಿಟ್ರೆ, ಅಂಟು ಒಂದು ಕಡೆ ಬಿಟ್ರೂ ನೀರು ಮತ್ತೆ ಈಚೆಗೇ.

ಮಿಕ್ಕಿದ್ದು ಗಡಿಬಿಡಿಲಿ

ಹೊಂಗೆ ಮರದ ಕೆಳಗೆ ನಿಲ್ಲೋ ಗಾಡಿ ಆದ್ರೆ ವೈಪರ್ ಬುಡದ ಜಾಲರಿ ಕೆಳಗೆ ನೋಡಿ, ಎಲೆ ಹೂವು ಕೊಳೆತು ಡ್ರೈನ್ ಮುಚ್ಚಿರ್ತತೆ, ನೀರು ಬ್ಲೋವರ್ (ಏಸಿ ಫ್ಯಾನ್) ದಾರೀಲಿ ಒಳಗೆ ಬರ್ತತೆ, ಏಸಿ ಫಿಲ್ಟರ್ ಒದ್ದೆ ಇದ್ರೆ ಇದೇ. ಸನ್‌ರೂಫ್ ಇದ್ರೆ ಮೂಲೆಗಳಲ್ಲಿ ಡ್ರೈನ್ ಟ್ಯೂಬ್ ಇರ್ತಾವೆ, ಸ್ವಲ್ಪ ಸ್ವಲ್ಪ ನೀರು ಹಾಕಿ ಕೆಳಗೆ ಬರ್ತತಾ ನೋಡಿ, ಕಟ್ಕೊಂಡಿದ್ರೆ ಕಂಪ್ರೆಸರ್ ಗಾಳಿ ಹೊಡೀಬೇಡಿ, ಟ್ಯೂಬ್ ಒಳಗೇ ಕಳಚ್ಕೊಂತತೆ. ಡಿಕ್ಕೀಲಿ ನೀರಿದ್ರೆ ಸ್ಟೆಪ್ನಿ ಗುಂಡಿ ಒಣಗಿಸಿ, ಟೇಲ್ ಲ್ಯಾಂಪ್ ಗ್ಯಾಸ್ಕೆಟಿಂದ ಶುರು ಮಾಡಿ.

ಫೋಮ್ ಮಾತ್ರ ಮೇಲ್ಮೇಲೆ ಒಣಗಿಸಿ ಬಿಡ್ಬೇಡಿ, ಕಾರ್ಪೆಟ್ ಪೂರ್ತಿ ಎತ್ತಿ ಬಿಸಿಲಿಗೆ ಹಾಕಿ, ಸೀಟ್ ಕೆಳಗಿನ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಹಿಡಿದೈತಾ ನೋಡಿ. ಇನ್ನು ಕಾರ್ಪೆಟ್ ವಾಪಸ್ ಹಾಕೋಕೆ ಮುಂಚೆ ಅದೇ ಜಾಗಕ್ಕೆ ಅದೇ ಪೈಪಲ್ಲಿ ಇನ್ನೊಂದ್ಸಲ ನೀರು ಬಿಟ್ಟು, ಒಳಗೆ ಒಣಗಿದ ನ್ಯೂಸ್ ಪೇಪರ್ ಹಾಸಿ ನೋಡಿ.